ಹುಳಿಮಣ್ಣಿನ ಹುಲ್ಲುಗಾವಲು

ಕಾರವಾರದಿಂದ ಅಂಕೋಲೆಗೆ ಶ್ರಾವಣದಲ್ಲಿ ಒಮ್ಮೆ, ಮಾಘದಲ್ಲಿ ಇನ್ನೊಮ್ಮೆ ಪ್ರಯಾಣ ಮಾಡಿದವರಿಗೆ ತಾವು ಕಂಡದ್ದು ಒಂದೇ ನಾಡೋ ಎರಡು ನಾಡುಗಳೋ ಎಂಬ ಸಂದೇಹ ಹುಟ್ಟಿದರೆ ಆಶ್ಚರ್ಯವಿಲ್ಲ. ಶ್ರಾವಣದಲ್ಲಿ ಬಿಣಗಾ, ಅಮದಳ್ಳಿ, ಹಾರವಾಡ, ಅವರ್ಸಾಗಳ ದಾರಿಯುದ್ದಕ್ಕೂ ಎಡಗಡೆಯ ಗುಡ್ಡಗಳು ಹಸುರು ಹೊದ್ದು ಮಲಗಿರುತ್ತವೆ. ಅಂಗೈಯಷ್ಟು ನೆಲವೂ ಬರಿದಾಗಿ ಕಾಣುವುದಿಲ್ಲ. ಚಿರೇಕಲ್ಲಿನ ಪಾಗಾರದ ಸಂದಿಯಲ್ಲಿ ಕೂಡ ಹುಲ್ಲು ತಲೆಯೆತ್ತಿರುತ್ತದೆ. ಮಾಘದ ಹೊತ್ತಿಗೆ ಅದೇ ಗುಡ್ಡಗಳು ಕಂದಿ, ಕೆಂಪು ಮಣ್ಣಿನ ಮೈ ತೋರಿಸುತ್ತ ನಿಂತಿರುತ್ತವೆ. ಅವುಗಳ ಮೇಲೆ ಅಲೆಯುವ ದನಗಳ ಪಕ್ಕೆಲುಬುಗಳನ್ನು ದಾರಿಹೋಕರು ನಿಂತಲ್ಲಿಂದಲೇ ಎಣಿಸಬಹುದು.

ವರ್ಷಕ್ಕೆ ಸುಮಾರು ೩೦೦೦ ಮಿಲಿಮೀಟರಿನಷ್ಟು ಮಳೆ ಸುರಿಯುವ ನಾಡು ಇದು. ಇಷ್ಟು ನೀರು ಕುಡಿದ ನೆಲದಲ್ಲಿ ಹಸುವಿಗೆ ಮೇವಿಲ್ಲವೆಂದರೆ ಬಯಲುಸೀಮೆಯವರು ನಂಬಲಾರರು. ಆದರೆ ಕರಾವಳಿಯ ಗೃಹಿಣಿಯನ್ನು ಕೇಳಿನೋಡಿ. ಹುಲ್ಲು ಘಟ್ಟದ ಮೇಲಿನಿಂದ ಲಾರಿಯಲ್ಲಿ ಇಳಿಯಬೇಕು, ಹಿಂಡಿಯನ್ನು ಅಂಗಡಿಯಿಂದ ತರಬೇಕು. ಇವೆರಡರ ಬೆಲೆಯನ್ನು ಕೂಡಿಸಿದರೆ ಹಸುವಿನ ಹಾಲಿನ ಲೆಕ್ಕ ತಾಳೆಯಾಗುವುದಿಲ್ಲ ಎಂದು ಆಕೆ ಹೇಳುತ್ತಾಳೆ. ಹಾಗೆ ತಾಳೆಯಾಗದ ಲೆಕ್ಕದಿಂದಲೇ ಎಷ್ಟೋ ಮನೆಗಳ ಕೊಟ್ಟಿಗೆಗಳು ಇಂದು ಕಟ್ಟಿಗೆ ಒಟ್ಟುವ, ಸ್ಕೂಟರು ನಿಲ್ಲಿಸುವ ಸ್ಥಳಗಳಾಗಿವೆ. ಕೊಟ್ಟಿಗೆ ಬರಿದಾದರೆ ಗೊಬ್ಬರ ನಿಲ್ಲುತ್ತದೆ. ಗೊಬ್ಬರ ನಿಂತರೆ ಗದ್ದೆ ಸೊರಗುತ್ತದೆ. ಆದ್ದರಿಂದ ದನದ ಹಸಿವು ದನ ಕಟ್ಟಿದವರದಷ್ಟೇ ಚಿಂತೆಯಲ್ಲ. ಈ ಹಸಿವಿನ ಮೂಲ ಎಲ್ಲಿದೆ, ಅದಕ್ಕೆ ಮಣ್ಣಿನಲ್ಲೇ ಮದ್ದುಂಟೆ ಎಂಬುದನ್ನು ತಮ್ಮೊಡನೆ ವಿಚಾರಮಾಡುವುದು ಈ ಭಾಷಣದ ಉದ್ದೇಶ.

ಮೊದಲು ಹುಲ್ಲಿನ ಮಾತು. ಮುಂಗಾರಿನ ಹುಲ್ಲು ಎಳೆಯದಿರುವಾಗ ಪುಷ್ಟಿಕರವಾಗಿಯೇ ಇರುತ್ತದೆ. ಆದರೆ ನಮ್ಮ ಬೇಣಗಳ ಹುಲ್ಲು ಬಹುಬೇಗ ಬೆಳೆದು ತೆನೆಹಾಯ್ದು ನಾರಾಗುತ್ತದೆ. ಮಳೆ ಹಿಂದೆಗೆದ ಮೇಲೆ ಕೊಯ್ದು ಒಣಗಿಸಿಟ್ಟ ಕರಡದಲ್ಲಿ, ಗದ್ದೆಯಿಂದ ಬಂದ ಭತ್ತದ ಹುಲ್ಲಿನಲ್ಲಿ, ಗಾತ್ರ ಬಹಳ, ಸತ್ತ್ವ ಕಡಿಮೆ. ಭತ್ತದ ಹುಲ್ಲಿನಲ್ಲಿ ಪ್ರೋಟೀನಿನ ಅಂಶ ನೂರಕ್ಕೆ ಮೂರೋ ನಾಲ್ಕೋ ಪಾಲು ಮಾತ್ರ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯ ಮೊದಲ ಚೀಲದಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ನೆಲಸಿವೆ. ನಾರನ್ನು ಅರಗಿಸುವ ಕೆಲಸ ಅವುಗಳದು. ಮೇವಿನಲ್ಲಿ ಪ್ರೋಟೀನು ನೂರಕ್ಕೆ ಏಳು ಪಾಲಿಗಿಂತ ಕಡಿಮೆಯಾದರೆ ಈ ಜೀವಿಗಳೇ ಉಪವಾಸ ಬೀಳುತ್ತವೆ. ಆಗ ಹುಲ್ಲು ಹೊಟ್ಟೆಯಲ್ಲಿ ಕರಗದೆ ಕುಳಿತಿರುತ್ತದೆ. ಹಸು ಇನ್ನಷ್ಟು ತಿನ್ನಲೊಲ್ಲದು. ಮುಂದೆ ಹುಲ್ಲಿನ ರಾಶಿ ಇದ್ದರೂ ಅದು ಬಡವಾಗುತ್ತದೆ. ಇಂಥ ಮೇವಿಗೆ ದ್ವಿದಳ ಜಾತಿಯ ಸೊಪ್ಪನ್ನು ಸ್ವಲ್ಪ ಬೆರೆಸಿದರೂ ಸಾಕು, ಹಾಲಿಗೆ ಹೆಪ್ಪು ಬಿದ್ದಂತೆ ಪರಿಣಾಮ ಕಾಣುತ್ತದೆ. ದ್ವಿದಳ ಮೇವಿನಲ್ಲಿ ಪ್ರೋಟೀನು ಸಾಮಾನ್ಯವಾಗಿ ನೂರಕ್ಕೆ ಹನ್ನೆರಡರಿಂದ ಹದಿನೆಂಟು ಪಾಲು. ಅದು ತಾನು ಪೋಷಣೆ ಕೊಡುವುದಲ್ಲದೆ, ಜೊತೆಗಿರುವ ಒಣಹುಲ್ಲನ್ನೂ ಅರಗುವಂತೆ ಮಾಡುತ್ತದೆ.

ಹಾಗಾದರೆ ನಮ್ಮ ಗುಡ್ಡಗಳಲ್ಲಿ ದ್ವಿದಳ ಮೇವನ್ನು ಬೆಳೆಯಬಾರದೇಕೆ? ಇಲ್ಲಿ ಮಣ್ಣು ಅಡ್ಡ ಬರುತ್ತದೆ. ಹಾಲಿಗೆ ಹುಳಿ ಹಿಂಡುವುದು ಎಂಬ ಮಾತನ್ನು ನಾವು ಮನುಷ್ಯರ ಜಗಳಗಳಿಗೆ ಬಳಸುತ್ತೇವೆ. ಈ ಕರಾವಳಿಯಲ್ಲಿ ಆ ಕೆಲಸವನ್ನು ನೆಲವೇ ಮಾಡುತ್ತಿದೆ.

೧೮೦೧ನೆಯ ಇಸವಿಯಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟಿಷ್ ವೈದ್ಯ ಈಸ್ಟ್ ಇಂಡಿಯಾ ಕಂಪೆನಿಯ ಪರವಾಗಿ ಅಂಕೋಲೆ, ಸದಾಶಿವಗಡಗಳ ಮೂಲಕ ಹಾದುಹೋದನು. ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳ ಬೆಳೆ, ಮಣ್ಣು, ಜನಜೀವನಗಳನ್ನು ಅವನು ದಿನಚರಿಯ ರೂಪದಲ್ಲಿ ಬರೆದಿಟ್ಟನು. ೧೮೦೭ರಲ್ಲಿ ಅದು ಪುಸ್ತಕವಾಗಿ ಬಂದಿತು. ನೆಲದಲ್ಲಿರುವಾಗ ಕತ್ತಿಯಿಂದ ಕೊಯ್ಯುವಷ್ಟು ಮೆದುವಾಗಿದ್ದು, ಹೊರತೆಗೆದು ಗಾಳಿಗಿಟ್ಟರೆ ಇಟ್ಟಿಗೆಯಂತೆ ಗಟ್ಟಿಯಾಗುವ ಈ ಕೆಂಪುಕಲ್ಲನ್ನು ಮಲಬಾರಿನಲ್ಲಿ ಕಂಡು ಅವನು ಬೆರಗಾದನು. ಇಟ್ಟಿಗೆಗೆ ಲ್ಯಾಟಿನ್ ಭಾಷೆಯಲ್ಲಿ ‘ಲಾಟರ್’ ಎಂದು ಹೆಸರು. ಅದರಿಂದ ‘ಲ್ಯಾಟರೈಟ್’ ಎಂಬ ಪದವನ್ನು ಹುಟ್ಟಿಸಿದನು. ಜಗತ್ತಿನ ಭೂವಿಜ್ಞಾನವೆಲ್ಲ ಇಂದು ಬಳಸುವ ಆ ಹೆಸರು, ನಮ್ಮ ಮನೆಗಳ ಗೋಡೆಯಲ್ಲಿರುವ ಚಿರೇಕಲ್ಲಿಗೆ, ಜಂಬಿಟ್ಟಿಗೆಗೆ ಇಟ್ಟ ಹೆಸರೇ.

ಈ ಕಲ್ಲಿನ ಹುಟ್ಟಿಗೆ ಮಳೆಯೇ ಕಾರಣ. ಲಕ್ಷಾಂತರ ವರ್ಷಗಳಿಂದ ಬಿಸಿ ನೆಲದ ಮೇಲೆ ಸುರಿಯುತ್ತಿರುವ ಮಳೆ, ಕರಗುವುದನ್ನೆಲ್ಲ ತೊಳೆದು ಸಮುದ್ರಕ್ಕೆ ಒಯ್ದಿದೆ. ಸುಣ್ಣ, ಮೆಗ್ನೀಷಿಯಂ, ಪೊಟ್ಯಾಷ್ ಹೋದವು. ಕರಗದ ಕಬ್ಬಿಣ, ಅಲ್ಯುಮಿನಿಯಂಗಳು ಉಳಿದವು. ಮಣ್ಣಿನ ಕೆಂಪು ಆ ಕಬ್ಬಿಣದ ತುಕ್ಕಿನದು; ಅದರ ಹುಳಿ ಕಳೆದುಹೋದ ಸುಣ್ಣದ ಗುರುತು. ಹುಳಿಯನ್ನು ಅಳೆಯುವ ಮಾನವನ್ನು ರಸಸಾರವೆಂದು ಕರೆಯುತ್ತಾರೆ. ೧೯೦೯ರಲ್ಲಿ ಡೆನ್ಮಾರ್ಕಿನ ಸೋರೆನ್‌ಸನ್ ಎಂಬ ರಸಾಯನ ವಿಜ್ಞಾನಿ, ಬಿಯರ್ ತಯಾರಿಸುವ ಕಾರ್ಲ್ಸ್‌ಬರ್ಗ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಇದನ್ನು ರೂಪಿಸಿದನು. ಏಳು ಎಂದರೆ ಸಮರಸ. ಅದಕ್ಕಿಂತ ಕೆಳಗೆ ಇಳಿದಂತೆ ಹುಳಿ ಹೆಚ್ಚು. ಈ ಅಳತೆಯಲ್ಲಿ ಒಂದೊಂದು ಮೆಟ್ಟಿಲೂ ಹತ್ತುಪಟ್ಟಿನದು ಎಂಬುದನ್ನು ನೆನಪಿಡಬೇಕು. ರಸಸಾರ ಐದಿರುವ ಮಣ್ಣು ಆರಿರುವ ಮಣ್ಣಿಗಿಂತ ಹತ್ತು ಪಟ್ಟು, ಏಳಿರುವುದಕ್ಕಿಂತ ನೂರು ಪಟ್ಟು ಹುಳಿ. ಕರಾವಳಿಯ ಜಂಬಿಟ್ಟಿಗೆ ಮಣ್ಣು ಐದು, ಐದೂವರೆಯ ಆಸುಪಾಸಿನಲ್ಲಿರುವುದು ಸಾಮಾನ್ಯ.

ಹುಳಿ ತಾನಾಗಿಯೇ ಬೇರನ್ನು ಸುಡುವುದಕ್ಕಿಂತ ಹೆಚ್ಚಾಗಿ, ಬೇರೆಯವರ ಕೈಯಿಂದ ಕೆಡುಕು ಮಾಡಿಸುತ್ತದೆ. ಸಮರಸದ ಮಣ್ಣಿನಲ್ಲಿ ಕಲ್ಲಿನಂತೆ ಬಿದ್ದಿರುವ ಅಲ್ಯುಮಿನಿಯಂ ಹುಳಿಯಲ್ಲಿ ಕರಗಿ ನೀರಿಗೆ ಬರುತ್ತದೆ. ಎಳೆಬೇರಿನ ತುದಿಯನ್ನು ಮೊಂಡುಮಾಡುತ್ತದೆ. ಬೇರು ಆಳಕ್ಕಿಳಿಯದ ಗಿಡ ಮಳೆ ನಿಂತ ಎರಡು ವಾರಕ್ಕೇ ಬಾಡುತ್ತದೆ. ಇನ್ನೊಂದು ಕಡೆ, ಕಬ್ಬಿಣ ಮತ್ತು ಅಲ್ಯುಮಿನಿಯಂಗಳು ಸೇರಿ ರಂಜಕವನ್ನು ಬಿಗಿಯಾಗಿ ಹಿಡಿದಿಡುತ್ತವೆ. ನೀವು ಹಾಕಿದ ಗೊಬ್ಬರ ಮಣ್ಣಿನಲ್ಲೇ ಇರುತ್ತದೆ, ಗಿಡದ ಕೈಗೆ ಸಿಗುವುದಿಲ್ಲ.

ದ್ವಿದಳ ಸಸ್ಯಕ್ಕೆ ಇದರ ಪೆಟ್ಟು ಇಮ್ಮಡಿ. ಈ ಕುಲದ ಸಸ್ಯಗಳು ಗಾಳಿಯಲ್ಲಿರುವ ಸಾರಜನಕವನ್ನು ಉಣ್ಣಬಲ್ಲವೆಂಬುದನ್ನು ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ ಎಂಬ ವಿಜ್ಞಾನಿಗಳು ೧೮೮೦ರ ದಶಕದಲ್ಲಿ ಸಿದ್ಧಪಡಿಸಿದರು. ೧೮೮೮ರಲ್ಲಿ ಹಾಲೆಂಡಿನ ಬೈಯರಿಂಕ್ ಬೇರುಗಂಟಿನೊಳಗಿನ ಸೂಕ್ಷ್ಮಾಣುವನ್ನು ಬೇರ್ಪಡಿಸಿ ತೋರಿಸಿದನು. ಗಿಡ ಈ ಸೂಕ್ಷ್ಮಾಣುವಿಗೆ ಇರಲು ಮನೆಯನ್ನೂ ಉಣಲು ಸಕ್ಕರೆಯನ್ನೂ ಕೊಡುತ್ತದೆ. ಅದಕ್ಕೆ ಪ್ರತಿಯಾಗಿ ಸೂಕ್ಷ್ಮಾಣು ಸಾರಜನಕವನ್ನು ಒದಗಿಸುತ್ತದೆ. ಆದರೆ ಈ ಸಂಬಂಧ ಕುದುರಲು ಸುಣ್ಣದ ಅಂಶ ಬೇಕು. ಕುದುರಿದ ಮೇಲೆ ನಡೆಯಲು ಮಾಲಿಬ್ಡಿನಂ ಎಂಬ ಲೋಹದ ಕಣಗಳು ಬೇಕು. ಹುಳಿಮಣ್ಣಿನಲ್ಲಿ ಮೊದಲನೆಯದು ತೊಳೆದುಹೋಗಿದೆ, ಎರಡನೆಯದು ಸೆರೆಯಲ್ಲಿದೆ. ಗಿಡ ಬದುಕಿರುತ್ತದೆ, ಗಂಟು ಕಟ್ಟುವುದಿಲ್ಲ. ಇಲ್ಲವೆ ಗಂಟು ಕಟ್ಟಿದರೂ ಕೆಲಸ ಮಾಡುವುದಿಲ್ಲ. ಇದನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಕಾಗಿಲ್ಲ. ಹಿತ್ತಿಲಿನ ಒಂದು ಅಲಸಂದೆಯ ಗಿಡವನ್ನು ಮೆಲ್ಲಗೆ ಕಿತ್ತು, ಬೇರಿನ ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಕಂಡರೆ ಗಂಟು ದುಡಿಯುತ್ತಿದೆ. ನಮ್ಮ ರಕ್ತದ ಬಣ್ಣಕ್ಕೆ ಕಾರಣವಾದ ವಸ್ತುವಿನ ಹತ್ತಿರದ ಬಂಧುವೇ ಆ ಕೆಂಪಿಗೂ ಕಾರಣ. ಬಿಳುಪೋ ಹಸುರೋ ಇದ್ದರೆ ಅದು ಕೆಲಸ ಮಾಡುತ್ತಿಲ್ಲ ಎಂದರ್ಥ.

ಇಲ್ಲಿ ರೈತನ ಮುಂದೆ ಎರಡು ದಾರಿಗಳಿವೆ: ಮಣ್ಣನ್ನು ಗಿಡಕ್ಕೆ ಒಗ್ಗಿಸುವುದು, ಇಲ್ಲವೆ ಮಣ್ಣಿಗೆ ಒಗ್ಗುವ ಗಿಡವನ್ನು ಹುಡುಕುವುದು.

ಮೊದಲನೆಯ ದಾರಿ ಸುಣ್ಣದ್ದು. ಮಳೆ ಯಾವ ಸುಣ್ಣವನ್ನು ಗುಡ್ಡದಿಂದ ಕಡಲಿಗೆ ಒಯ್ದಿತೋ ಅಂಥ ಸುಣ್ಣವನ್ನು ಕಡಲಿನ ಮತ್ತು ಅಳಿವೆಯ ಚಿಪ್ಪುಜೀವಿಗಳು ನೀರಿನಿಂದ ಹೀರಿ ಮೈಮೇಲೆ ಕವಚವಾಗಿ ಕಟ್ಟಿಕೊಳ್ಳುತ್ತವೆ. ಕಾಳಿ, ಗಂಗಾವಳಿ, ಅಘನಾಶಿನಿಗಳ ಅಳಿವೆಗಳಲ್ಲಿ ಸಿಗುವ ಬಳಚಿನ ಚಿಪ್ಪಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಸುಣ್ಣದ ಕಲ್ಲಿನ ಅಂಶವೇ ಇದೆ. ಚಿಪ್ಪು ಸುಟ್ಟು ಸುಣ್ಣ ಮಾಡುವ ಕಸುಬು ಈ ತೀರಕ್ಕೆ ಹಳೆಯದು; ಎಲೆಯಡಿಕೆಗೂ ಗೋಡೆಗೂ ಅದು ಒದಗುತ್ತಿತ್ತು. ಮನೆಯ ಹತ್ತಿರದ ಒಂದು ತುಂಡು ನೆಲಕ್ಕೆ, ತೋಟದ ಅಂಚಿಗೆ ಸುಣ್ಣ ಹಾಕುವುದು ಖಂಡಿತ ಸಾಧ್ಯ ಮತ್ತು ಲಾಭಕರ. ಆದರೆ ಗುಡ್ಡದ ಬೇಣಕ್ಕೆ ಎಕರೆಗೆ ಕ್ವಿಂಟಲ್‌ಗಟ್ಟಲೆ ಸುಣ್ಣ ಹೊತ್ತು ಹಾಕುವವರು ಯಾರು? ಹಾಕಿದರೂ ಮಳೆ ಅದನ್ನು ಮತ್ತೆ ತೊಳೆಯುತ್ತ ಹೋಗುತ್ತದೆ. ಕೆಲವು ವರ್ಷಗಳಿಗೊಮ್ಮೆ ಪುನಃ ಹಾಕಬೇಕು. ಅಳಿವೆಯ ಚಿಪ್ಪನ್ನೆಲ್ಲ ಬಗೆದು ಗುಡ್ಡಕ್ಕೆ ಸುರಿಯುವುದು ಅಳಿವೆಗೂ ಕ್ಷೇಮವಲ್ಲ.

ಸುಣ್ಣದ ತಮ್ಮನೆಂಬಂತೆ ಬೂದಿಯಿದೆ. ಹಿಂದೆ ಈ ಕಾಡುಗಳಲ್ಲಿ ಕುಮರಿ ಬೇಸಾಯ ನಡೆಯುತ್ತಿತ್ತು. ಕಾಡಿನ ಒಂದು ತುಣುಕನ್ನು ಕಡಿದು ಸುಟ್ಟು, ಆ ಬೂದಿಯಲ್ಲಿ ಒಂದೆರಡು ವರ್ಷ ರಾಗಿಯನ್ನೋ ಬೇರೆ ಧಾನ್ಯವನ್ನೋ ಬೆಳೆದು, ಮುಂದಕ್ಕೆ ಹೋಗುವ ಪದ್ಧತಿ. ೧೯ನೆಯ ಶತಮಾನದಲ್ಲಿ ಬ್ರಿಟಿಷ್ ಸರಕಾರ ಅದನ್ನು ಬಿಗಿಯಾಗಿ ನಿರ್ಬಂಧಿಸಿತು. ಕುಮರಿಯಿಂದ ಕಾಡಿಗಾದ ಹಾನಿಯ ವಿಚಾರ ಬೇರೆ. ಮಣ್ಣಿನ ದೃಷ್ಟಿಯಿಂದ ನೋಡಿದರೆ ಬೂದಿ ಹುಳಿಯನ್ನು ಇಳಿಸುತ್ತಿತ್ತು, ಪೊಟ್ಯಾಷ್ ಮತ್ತು ಸುಣ್ಣಗಳನ್ನು ಮರಳಿಸುತ್ತಿತ್ತು. ಬೂದಿಯ ಬಗೆಗೆ ಆಸ್ಟ್ರೇಲಿಯದ ಒಂದು ಪ್ರಸಂಗ ಸ್ವಾರಸ್ಯಕರವಾಗಿದೆ. ಅಲ್ಲಿನ ದಕ್ಷಿಣ ಪ್ರಾಂತದ ಮೆಡೋಸ್ ಎಂಬಲ್ಲಿ ಹುಲ್ಲುಗಾವಲಿನ ದ್ವಿದಳ ಸಸ್ಯಗಳು ಏನು ಮಾಡಿದರೂ ಏಳುತ್ತಿರಲಿಲ್ಲ. ಮರದ ಬೂದಿ ಬಿದ್ದಲ್ಲಿ ಮಾತ್ರ ಸೊಂಪಾಗಿ ಬೆಳೆಯುತ್ತಿದ್ದವು. ಆ್ಯಂಡರ್‌ಸನ್ ಎಂಬ ವಿಜ್ಞಾನಿ ಬೂದಿಯ ಒಂದೊಂದೇ ಅಂಶವನ್ನು ಬೇರ್ಪಡಿಸಿ ಪರೀಕ್ಷಿಸಿ, ೧೯೪೨ರಲ್ಲಿ ಅದರ ಗುಟ್ಟು ಮಾಲಿಬ್ಡಿನಂ ಎಂದು ಪ್ರಕಟಿಸಿದನು. ಎಕರೆಗೆ ಕೆಲವೇ ಔನ್ಸುಗಳಷ್ಟು ಸಾಕಾಗುವ ವಸ್ತು ಅದು. ನಮ್ಮ ಒಲೆಯ ಬೂದಿಯನ್ನು ಹಿತ್ತಿಲಿನ ಅವರೆ ಚಪ್ಪರದ ಬುಡಕ್ಕೆ ಸುರಿಯುತ್ತಿದ್ದ ಅಜ್ಜಿಯರಿಗೆ ಈ ಹೆಸರು ತಿಳಿದಿರಲಿಲ್ಲ, ಕೆಲಸ ತಿಳಿದಿತ್ತು.

ಎರಡನೆಯ ದಾರಿ ಗಿಡದ ಆಯ್ಕೆಯದು. ಈ ವಿಷಯದಲ್ಲಿ ನಾವು ಬೇರೆ ಸೀಮೆಗಳನ್ನು ನೋಡಿ ಮೋಸಹೋದದ್ದುಂಟು. ಕಪ್ಪುಮಣ್ಣಿನ ನಾಡಿನಲ್ಲಿ ಹುಲುಸಾಗಿ ಬೆಳೆಯುವ ಕುದುರೆ ಮೆಂತೆ, ಅಂದರೆ ಲೂಸರ್ನ್, ಮೇವಿನ ರಾಣಿಯೆಂದು ಹೆಸರಾಗಿದೆ. ಆದರೆ ಅದರ ಬೇರಿನ ಸೂಕ್ಷ್ಮಾಣು ಹುಳಿಯನ್ನು ಸ್ವಲ್ಪವೂ ಸಹಿಸದು. ಜಂಬಿಟ್ಟಿಗೆಯಲ್ಲಿ ಬಿತ್ತಿದರೆ ಒಂದು ಗೇಣೆತ್ತರಕ್ಕೆ ಬಂದು ಹಳದಿಯಾಗುತ್ತದೆ. ೧೯೭೦ ಮತ್ತು ೮೦ರ ದಶಕಗಳಲ್ಲಿ ದೇಶದಾದ್ಯಂತ ಸುಬಾಬುಲ್ ಮರದ ಪ್ರಚಾರವಾಯಿತು. ಅದೂ ಸುಣ್ಣದ ನೆಲವನ್ನು ಮೆಚ್ಚುವ ಮರ; ಅಲ್ಯುಮಿನಿಯಂ ತುಂಬಿದ ಹುಳಿಮಣ್ಣಿನಲ್ಲಿ ಕುಂಟುತ್ತದೆ.

ಇನ್ನೊಂದು ದ್ವಿದಳ ಮರ ಮಾತ್ರ ಈ ಗುಡ್ಡಗಳಲ್ಲಿ ಮಿತಿಮೀರಿ ಗೆದ್ದಿದೆ. ಅದು ಅಕೇಶಿಯಾ. ಆಸ್ಟ್ರೇಲಿಯದ ಉತ್ತರ ಭಾಗ ಮತ್ತು ಪಾಪುವಾ ನ್ಯೂಗಿನಿ ಅದರ ತೌರು. ಬೋಳು ಗುಡ್ಡಗಳಿಗೆ ಹಸುರು ಹೊದಿಸಲೆಂದು ನೆಟ್ಟ ಈ ಮರಕ್ಕೆ ಹುಳಿಯ ಭಯವಿಲ್ಲ. ಬೇರಿನಲ್ಲಿ ಸಾರಜನಕದ ಗಂಟುಗಳೂ ಇವೆ. ಕಟ್ಟಿಗೆಗೆ ಅದು ಒದಗಿದ್ದು ನಿಜ. ಆದರೆ ಅದರ ಎಲೆಯನ್ನು ದನ ಮೂಸಿಯೂ ನೋಡದು. ಅದರ ದಟ್ಟ ನೆರಳಿನಲ್ಲಿ, ಕರಗದ ದರಕಿನ ಕೆಳಗೆ ಹುಲ್ಲು ಏಳದು. ಗಾಳಿಯ ಸಾರಜನಕವೇನೋ ಗುಡ್ಡಕ್ಕೆ ಬಂದಿತು, ಕೊಟ್ಟಿಗೆಗೆ ಬರಲಿಲ್ಲ.

ದನಕ್ಕೆ ರುಚಿಸಿ ಹುಳಿಯನ್ನೂ ಸಹಿಸುವ ಸಸ್ಯಗಳಲ್ಲಿ ಹೆಸರಾದದ್ದು ಸ್ಟೈಲೋ. ಅದರ ಬಹುತೇಕ ಜಾತಿಗಳು ಅಮೆರಿಕ ಖಂಡದ ಉಷ್ಣವಲಯದವು. ಒಂದು ಜಾತಿ ಮಾತ್ರ ನಮ್ಮ ದಕ್ಷಿಣ ಭಾರತದ ಒಣನೆಲಗಳಲ್ಲೂ ತಾನಾಗಿ ಬೆಳೆಯುತ್ತದೆ. ಮೊಣಕಾಲೆತ್ತರದ ಗಿಡ, ಮೂರು ಎಲೆಗಳ ಗುಂಪು, ಸಣ್ಣ ಹಳದಿ ಹೂ. ಅಂಕೋಲೆಯವರಿಗೆ ಇದನ್ನು ಪರಿಚಯಿಸುವುದು ಸುಲಭ, ಏಕೆಂದರೆ ಇದು ಶೇಂಗಾದ ಸೋದರಸಂಬಂಧಿ. ಭತ್ತದ ಕೊಯ್ಲಿನ ನಂತರ ಕಡಲ ಹತ್ತಿರದ ಮರಳು ಗದ್ದೆಗಳಲ್ಲಿ ಶೇಂಗಾ ಬೆಳೆದು, ಕಾಯಿ ಬಿಡಿಸಿದ ಬಳ್ಳಿಯನ್ನು ದನಕ್ಕೆ ಹಾಕಿದವರು ಆ ಬಳ್ಳಿಯ ಬೆಲೆಯನ್ನು ಬಲ್ಲರು. ಶೇಂಗಾ, ಅಲಸಂದೆ, ಹುರುಳಿ, ಉದ್ದುಗಳಿಗೆ ಗಂಟು ಕಟ್ಟಿಸುವ ಸೂಕ್ಷ್ಮಾಣುಗಳು ನಮ್ಮ ಮಣ್ಣಿನಲ್ಲಿ ಮೊದಲಿನಿಂದಲೂ ಇವೆ. ಸ್ಟೈಲೋವೂ ಬಹುಮಟ್ಟಿಗೆ ಅವುಗಳೊಡನೆಯೇ ಹೊಂದಿಕೊಳ್ಳುತ್ತದೆ. ಅದರ ಬೇರಿನೊಡನೆ ಬೆರೆತ ಶಿಲೀಂಧ್ರದ ಎಳೆಗಳು ಮಣ್ಣು ಬಿಗಿಹಿಡಿದ ರಂಜಕವನ್ನು ಕೂಡ ಒಂದಿಷ್ಟು ಹೆಕ್ಕಿ ತರುತ್ತವೆ. ಝಾನ್ಸಿಯಲ್ಲಿ ೧೯೬೨ರಲ್ಲಿ ಆರಂಭವಾದ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆ ಇಂಥ ಸಸ್ಯಗಳ ಅಭ್ಯಾಸಕ್ಕೆಂದೇ ಇದೆ. ಅದರ ದಕ್ಷಿಣದ ಕೇಂದ್ರ ನಮ್ಮ ಧಾರವಾಡದಲ್ಲಿದೆ.

ಬೆಳೆಯುವ ಕ್ರಮ ಸರಳ. ಬೀಜದ ಸಿಪ್ಪೆ ಬಹಳ ಗಟ್ಟಿ. ಸುಮಾರು ೮೦ ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾದ ನೀರಿನಲ್ಲಿ ನಾಲ್ಕೈದು ನಿಮಿಷ ಇಟ್ಟು, ಅನಂತರ ರಾತ್ರಿ ತಣ್ಣೀರಿನಲ್ಲಿ ನೆನೆಸಿದರೆ ಮೊಳಕೆ ಚೆನ್ನಾಗಿ ಬರುತ್ತದೆ. ಮುಂಗಾರು ಹಿಡಿದ ಮೇಲೆ ಎಕರೆಗೆ ಎರಡೂವರೆಯಿಂದ ನಾಲ್ಕು ಕಿಲೋ ಬೀಜವನ್ನು ತೆಳ್ಳಗೆ ಕೆದಕಿದ ನೆಲದ ಮೇಲೆ ಚೆಲ್ಲಬೇಕು. ಒಂದು ಸೆಂಟಿಮೀಟರಿಗಿಂತ ಆಳದಲ್ಲಿ ಬಿದ್ದ ಬೀಜ ಮೇಲೇಳಲಾರದು. ಗೊಬ್ಬರವಾಗಿ ಶಿಲಾರಂಜಕವನ್ನೋ ಎಲುಬಿನ ಪುಡಿಯನ್ನೋ ಕೊಟ್ಟರೆ ಸಾಕು. ಇವೆರಡೂ ಸಮರಸದ ನೆಲದಲ್ಲಿ ಕರಗದೆ ಉಳಿಯುತ್ತವೆ. ಹುಳಿಮಣ್ಣಿನಲ್ಲಿ ಮಾತ್ರ ನಿಧಾನವಾಗಿ ಕರಗಿ ಗಿಡಕ್ಕೆ ದಕ್ಕುತ್ತವೆ. ನೆಲದ ದೋಷವೇ ಇಲ್ಲಿ ನಮಗೆ ಕೂಲಿಯಿಲ್ಲದೆ ದುಡಿಯುತ್ತದೆ. ಮೊದಲ ವರ್ಷ ಗಿಡ ಮೆಲ್ಲಗೆ ಬೆಳೆಯುತ್ತದೆ. ಸುತ್ತಲಿನ ಹುಲ್ಲು ಅದನ್ನು ಮುಚ್ಚದಂತೆ ಒಮ್ಮೆ ಕೊಯ್ಯಬೇಕು. ಎರಡನೆಯ, ಮೂರನೆಯ ವರ್ಷಗಳಲ್ಲಿ ಅದು ತಾನೇ ಬೀಜ ಉದುರಿಸಿ ಹರಡುತ್ತದೆ.

ಆದರೆ ಒಂದೇ ಗಿಡವನ್ನು ನಂಬಿ ಕೂರಬಾರದು. ಆಸ್ಟ್ರೇಲಿಯದ ಉತ್ತರ ಭಾಗದಲ್ಲಿ ‘ಟೌನ್ಸ್‌ವಿಲ್ ಲೂಸರ್ನ್’ ಎಂದು ಜನ ಪ್ರೀತಿಯಿಂದ ಕರೆದ ಸ್ಟೈಲೋ ಜಾತಿಯೊಂದು ವಿಶಾಲ ಹುಲ್ಲುಗಾವಲುಗಳನ್ನು ತುಂಬಿತ್ತು. ೧೯೭೦ರ ದಶಕದಲ್ಲಿ ಚಿಬ್ಬು ರೋಗ ಬಂದು ಅದನ್ನು ಬಹುಮಟ್ಟಿಗೆ ಅಳಿಸಿಹಾಕಿತು. ಆಮೇಲೆ ರೋಗವನ್ನು ತಡೆದುಕೊಳ್ಳುವ ಹಮಾಟಾ, ಸ್ಕೇಬ್ರಾ ಎಂಬ ಬೇರೆ ಜಾತಿಗಳು ಅದರ ಸ್ಥಾನಕ್ಕೆ ಬಂದವು. ನಮ್ಮಲ್ಲಿಯೂ ಎರಡು ಮೂರು ಜಾತಿಗಳನ್ನು ಬೆರೆಸಿ ಬಿತ್ತುವುದು, ಬೇಲಿಗೆ ಗೊಬ್ಬರದ ಗಿಡವನ್ನೂ ಗದ್ದೆಗೆ ಅಲಸಂದೆ, ಹುರುಳಿಗಳನ್ನೂ ಕೈಬಿಡದಿರುವುದು ಜಾಣತನ.

ಇನ್ನೊಂದು ಎಚ್ಚರಿಕೆ ಇತ್ತೀಚಿನ ಸಂಶೋಧನೆಯಿಂದ ಬಂದದ್ದು. ಬಹುಕಾಲ ಸ್ಟೈಲೋ ಒಂದನ್ನೇ ಬೆಳೆದು ಕೊಯ್ದು ಸಾಗಿಸುತ್ತ ಹೋದರೆ ಮಣ್ಣಿನ ಹುಳಿ ಇನ್ನಷ್ಟು ಏರುತ್ತದೆ. ಗಿಡ ತನ್ನ ಮೈಯಲ್ಲಿ ಸುಣ್ಣದಂಥ ಕ್ಷಾರಾಂಶಗಳನ್ನು ತುಂಬಿಕೊಂಡಿರುತ್ತದೆ. ಮೇವಿನೊಂದಿಗೆ ಅವು ಹೊಲ ಬಿಟ್ಟು ಹೋಗುತ್ತವೆ. ಗಿಡ ಬಳಸಿ ಮಿಕ್ಕ ಸಾರಜನಕವೂ ಮಳೆನೀರಿನೊಂದಿಗೆ ಇಳಿದು ಹುಳಿಯನ್ನು ಬಿಟ್ಟುಹೋಗುತ್ತದೆ. ಆದ್ದರಿಂದ ಹುಲ್ಲಿನ ನಡುವೆ ಬೆಳೆಸಬೇಕು. ಸಗಣಿ, ಬೂದಿಗಳನ್ನು ಅದೇ ನೆಲಕ್ಕೆ ಮರಳಿಸಬೇಕು. ಕೊಟ್ಟಿಗೆಗೂ ಬೇಣಕ್ಕೂ ನಡುವೆ ಹೋಗಿಬರುವ ದಾರಿ ಎರಡು ಕಡೆಯೂ ನಡೆಯುತ್ತಿರಬೇಕು.

ಎಲ್ಲಕ್ಕಿಂತ ಕಷ್ಟದ ಭಾಗ ಮಣ್ಣಿನದಲ್ಲ, ಮನುಷ್ಯರದು. ಹೊಸದಾಗಿ ಬಿತ್ತಿದ ನೆಲವನ್ನು ಒಂದು ಮಳೆಗಾಲವಾದರೂ ದನ ಹೋಗದಂತೆ ಕಾಯಬೇಕು. ಸ್ವಂತ ಬೇಣವಾದರೆ ಬೇಲಿ ಹಾಕಬಹುದು. ಊರ ಗೋಮಾಳವಾದರೆ ಊರೆಲ್ಲ ಒಪ್ಪಬೇಕು. ಕಾರವಾರ, ಅಂಕೋಲೆಗಳಲ್ಲಿ ಕಡಲಿಗೂ ಗುಡ್ಡಕ್ಕೂ ನಡುವಣ ನೆಲ ಮೊದಲೇ ಕಿರಿದು. ಅದರಲ್ಲಿ ನೌಕಾನೆಲೆ, ರೈಲುಮಾರ್ಗ, ಹೆದ್ದಾರಿಗಳಿಗೆ ಹೋದದ್ದು ಹೋಗಿ, ಮೇಯಲು ಉಳಿದದ್ದು ಇನ್ನೂ ಕಿರಿದು. ರಾತ್ರಿಯ ಹೊತ್ತು ಹೆದ್ದಾರಿಯ ಡಾಂಬರಿನ ಮೇಲೆ ಮಲಗಿ ವಾಹನಗಳಿಗೆ ಸಿಕ್ಕುವ ದನಗಳು ಬೇಣ ಕಳೆದುಕೊಂಡ ದನಗಳೇ. ಉಳಿದ ತುಣುಕಿನಿಂದ ಹೆಚ್ಚು ಸತ್ತ್ವ ತೆಗೆಯುವುದು ಅದಕ್ಕಾಗಿಯೇ ಅಗತ್ಯ. ನಮ್ಮ ಮಲೆನಾಡು ಗಿಡ್ಡ ಹಸು ಸಣ್ಣ ಪ್ರಾಣಿ. ಅದರ ಬಯಕೆಯೂ ಸಣ್ಣದು. ಒಣಹುಲ್ಲಿನ ಜೊತೆಗೆ ದಿನಕ್ಕೊಂದು ಹೊರೆ ಹಸಿ ದ್ವಿದಳ ಮೇವು ದೊರೆತರೆ ಅದು ಬೇಸಿಗೆಯನ್ನು ಮೈ ಇಳಿಯದೆ ದಾಟುತ್ತದೆ. ಹಿಂಡಿಯ ಖರ್ಚು ಕೂಡ ಅಷ್ಟರಮಟ್ಟಿಗೆ ಇಳಿಯುತ್ತದೆ.

ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಎಂಬ ಹಾಲಕ್ಕಿ ಮಹಿಳೆಯ ಹೆಸರನ್ನು ತಾವೆಲ್ಲ ಕೇಳಿರುವಿರಿ. ಶಾಲೆಯ ಮುಖ ಕಾಣದ ಅವರು ಅರಣ್ಯ ಇಲಾಖೆಯ ಸಸ್ಯಪಾಲನೆಯಲ್ಲಿ ದಶಕಗಳ ಕಾಲ ದುಡಿದು, ಪದ್ಮಶ್ರೀ ಪಡೆದು, ೨೦೨೪ರ ಡಿಸೆಂಬರಿನಲ್ಲಿ ತೀರಿಕೊಂಡರು. ಯಾವ ಮರದ ಬೀಜವನ್ನು ಯಾವ ಕಾಲದಲ್ಲಿ ತರಬೇಕು, ಹೇಗೆ ಮೊಳೆಯಿಸಬೇಕು ಎಂಬುದು ಅವರಿಗೆ ಕರತಲಾಮಲಕವಾಗಿತ್ತು. ಅಂಥ ಕಣ್ಣು ಈ ನಾಡಿನಲ್ಲಿ ಮರಗಳ ವಿಷಯದಲ್ಲಿ ಇದ್ದಂತೆ ಹುಲ್ಲಿನ ವಿಷಯದಲ್ಲೂ ಇದೆ. ನಮ್ಮ ಬೇಣಗಳಲ್ಲಿ ಹುಲ್ಲಿನ ಬುಡಕ್ಕೆ ನೆಲಕ್ಕಂಟಿ ಹರಡುವ ಮೂರೆಲೆಯ ಪುಟ್ಟ ಬಳ್ಳಿಗಳಿವೆ. ಅವೂ ದ್ವಿದಳ ಕುಲದವೇ. ಯಾವ ಬಳ್ಳಿಯನ್ನು ಹಸು ಮೊದಲು ಹುಡುಕಿ ತಿನ್ನುತ್ತದೆ, ಯಾವುದು ಬೇಸಿಗೆಯಲ್ಲೂ ಹಸುರಾಗಿರುತ್ತದೆ ಎಂಬುದನ್ನು ದನ ಕಾಯ್ದವರು ಬಲ್ಲರು. ಅವರನ್ನು ಕೇಳಿ ಬರೆದಿಟ್ಟುಕೊಳ್ಳುವ ಕೆಲಸ ಇನ್ನೂ ಬಾಕಿಯಿದೆ. ಹೊರಗಿನ ಬೀಜವನ್ನು ತರಿಸುವಾಗ ಈ ಮನೆಯ ಬೀಜವನ್ನೂ ವಿಚಾರಿಸಬೇಕು.

ಪಟ್ಟಣದಲ್ಲಿರುವ ನಾವು ಬೇಣ ಬಿತ್ತಲಾರೆವು, ನಿಜ. ಆದರೆ ಮುಂದಿನ ಬಾರಿ ಅವರ್ಸಾದ ದಾರಿಯಲ್ಲಿ ಬಸ್ಸು ನಿಂತಾಗ, ಕೆಂಪು ಮಣ್ಣಿನ ಮೇಲೆ ಮೇಯುತ್ತಿರುವ ಹಸುವನ್ನು ಕಂಡರೆ ಅದರ ಮೂತಿ ಎಲ್ಲಿ ಹುಡುಕುತ್ತಿದೆಯೆಂದು ಗಮನಿಸಿ. ಎತ್ತರದ ಹುಲ್ಲನ್ನು ಬದಿಗೊತ್ತಿ, ಬುಡದ ಆ ಮೂರೆಲೆಯ ಬಳ್ಳಿಯನ್ನು ಅದು ನಾಲಗೆಯಿಂದ ಸುತ್ತಿ ಎಳೆಯುತ್ತಿರಬಹುದು.